ಮಾತಿನ ತೊಡಕೂ ವಂಶದ ಬಳುವಳಿಯೂ

ಮಾತು ಮನುಷ್ಯನಿಗೆ ಉಸಿರಿನಷ್ಟೇ ಸಹಜವಾದುದೆಂದು ನಾವೆಲ್ಲರೂ ಭಾವಿಸಿರುತ್ತೇವೆ. ಮಗು ಹುಟ್ಟುತ್ತದೆ, ಅಳುತ್ತದೆ, ನಗುತ್ತದೆ. ಆರೇಳು ತಿಂಗಳಾಗುವ ವೇಳೆಗೆ "ಬಬ್ಬ", "ದದ್ದ" ಎಂದು ತೊದಲತೊಡಗುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ಒಂದೆರಡು ಮಾತುಗಳನ್ನು ಅರ್ಥವಿಟ್ಟು ಆಡುತ್ತದೆ. ಎರಡನೆಯ ವರ್ಷ ಕಳೆಯುವಷ್ಟರಲ್ಲಿ "ಅಮ್ಮ ಬಾ", "ಹಾಲು ಬೇಡ" ಎಂದು ಎರಡೆರಡು ಪದಗಳನ್ನು ಜೋಡಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ಯಾರೂ ವ್ಯಾಕರಣದ ಪಾಠ ಹೇಳಿರುವುದಿಲ್ಲ. ಆದರೂ "ಮರ" ಎಂದರೆ ಒಂದು, "ಮರಗಳು" ಎಂದರೆ ಹಲವು ಎಂಬುದನ್ನು ಅದು ಬಲ್ಲದು. "ಬಂದಳು" ಎಂಬುದಕ್ಕೂ "ಬರುತ್ತಾಳೆ" ಎಂಬುದಕ್ಕೂ ಇರುವ ಅಂತರವನ್ನು ಬಲ್ಲದು. ಇಷ್ಟನ್ನೂ ಅದು ಆಟದ ನಡುವೆ, ಊಟದ ನಡುವೆ, ಯಾರ ಗಮನಕ್ಕೂ ಬಾರದಂತೆ ಕಲಿತುಕೊಂಡಿರುತ್ತದೆ.

ಎಲ್ಲ ಮಕ್ಕಳಲ್ಲಿಯೂ ಈ ಕಾರ್ಯವು ಇಷ್ಟು ಸುಗಮವಾಗಿ ನಡೆಯುವುದಿಲ್ಲ. ಎರಡು ವರ್ಷ ಕಳೆದರೂ ಮಾತು ಬಾರದ ಮಕ್ಕಳುಂಟು. ಮಾತು ಬಂದರೂ ಮನೆಯವರ ಹೊರತು ಬೇರೆಯವರಿಗೆ ಅರ್ಥವಾಗದಂತೆ ಆಡುವ ಮಕ್ಕಳುಂಟು. ಪದಗಳು ಗೊತ್ತಿದ್ದರೂ ಅವುಗಳನ್ನು ವಾಕ್ಯವಾಗಿ ಹೊಂದಿಸಲಾರದೆ ತಡವರಿಸುವ ಮಕ್ಕಳುಂಟು. ಇಂಥ ಮಗುವಿರುವ ಮನೆಯಲ್ಲಿ ಏನು ನಡೆಯುತ್ತದೆಂಬುದು ನಮಗೆ ತಿಳಿಯದ ಸಂಗತಿಯಲ್ಲ. "ಅವರಪ್ಪನಿಗೂ ಮಾತು ತಡವಾಗಿಯೇ ಬಂತು, ಬರುತ್ತದೆ ಬಿಡಿ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಬಜೆಯ ಬೇರನ್ನು ತೇಯ್ದು ನಾಲಗೆಗೆ ಹಚ್ಚುತ್ತಾರೆ. ನಾಲಗೆಯ ಕೆಳಗಿನ ತಂತುವನ್ನು ಕೊಯ್ಯಿಸಿದರೆ ಸರಿಹೋದೀತೆಂದು ಒಬ್ಬರು ಹೇಳಿದರೆ, ಹರಕೆ ಹೊತ್ತರೆ ಸರಿಹೋದೀತೆಂದು ಇನ್ನೊಬ್ಬರು ಹೇಳುತ್ತಾರೆ. ಇವೆಲ್ಲ ಮುಗಿದ ಮೇಲೆ ಆಪಾದನೆಯು ತಾಯಿಯ ತಲೆಯ ಮೇಲೆ ಬರುತ್ತದೆ: ಬಸುರಿನಲ್ಲಿ ತಿನ್ನಬಾರದ್ದನ್ನು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು, ಮಗುವಿನೊಡನೆ ಸಾಕಷ್ಟು ಮಾತನಾಡಲಿಲ್ಲ, ಎಂದು. ಮಗುವಿಗಾದರೋ ದಡ್ಡನೆಂಬ ಬಿರುದು ದೊರೆಯುತ್ತದೆ.

ಮಾತಿನ ತೊಡಕು ವಂಶದಿಂದ ಬರಬಹುದೆ? ಬರುವುದಾದರೆ ಯಾವ ಬಗೆಯಲ್ಲಿ ಬರುತ್ತದೆ? ವಂಶದಿಂದ ಬಂದುದಕ್ಕೆ ಪರಿಹಾರವೇ ಇಲ್ಲವೆ? ಈ ಮೂರು ಪ್ರಶ್ನೆಗಳಿಗೆ ಕಳೆದ ಮೂರೂವರೆ ದಶಕಗಳಲ್ಲಿ ಶಾಸ್ತ್ರಜ್ಞರು ಕೊಟ್ಟಿರುವ ಉತ್ತರವನ್ನು ಸಂಗ್ರಹವಾಗಿ ನಿವೇದಿಸುವುದು ಈ ಭಾಷಣದ ಉದ್ದೇಶ. ಆ ಉತ್ತರಕ್ಕೆ ಮೊದಲ ಭದ್ರವಾದ ಅಡಿಗಲ್ಲು ದೊರೆತದ್ದು ಇಂಗ್ಲೆಂಡಿನ ಒಂದು ಸಾಧಾರಣ ಕುಟುಂಬದ ಪರೀಕ್ಷೆಯಿಂದ. ಆದ್ದರಿಂದ ಆ ಕುಟುಂಬದ ಚರಿತ್ರೆಯನ್ನೇ ಮುಖ್ಯವಾಗಿ ಹೇಳುತ್ತೇನೆ. ಅದಕ್ಕೆ ಮುಂಚೆ ಮಾತೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯಕ.

ಮಾತಿನ ವ್ಯಾಪಾರದಲ್ಲಿ ಮೂರು ಅಂಗಗಳುಂಟು. ಮೊದಲನೆಯದು ಶ್ರವಣ: ಕೇಳದ ಮಗುವು ಆಡಲಾರದು. ಎರಡನೆಯದು ಭಾಷೆ: ಪದಗಳ ಅರ್ಥವನ್ನೂ ಅವು ಒಂದಕ್ಕೊಂದು ಸೇರುವ ನಿಯಮಗಳನ್ನೂ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ. ಮೂರನೆಯದು ಉಚ್ಚಾರಣೆ: ಮನಸ್ಸಿನಲ್ಲಿರುವುದನ್ನು ಬಾಯಿಯಿಂದ ಹೊರಪಡಿಸುವ ಕೌಶಲ. ಈ ಮೂರನೆಯದನ್ನು ನಾವು ಬಹು ಹಗುರವಾಗಿ ಎಣಿಸುತ್ತೇವೆ. "ಕಮಲ" ಎಂಬ ಮೂರಕ್ಷರದ ಪದವನ್ನು ತೆಗೆದುಕೊಳ್ಳಿ. "ಕ" ಎನ್ನುವಾಗ ನಾಲಗೆಯ ಹಿಂಭಾಗವು ಮೇಲೆದ್ದು ಅಂಗುಳನ್ನು ಮುಟ್ಟಿ ಥಟ್ಟನೆ ಬಿಡಬೇಕು. "ಮ" ಎನ್ನುವಾಗ ತುಟಿಗಳೆರಡೂ ಮುಚ್ಚಿ ಉಸಿರು ಮೂಗಿನ ದಾರಿ ಹಿಡಿಯಬೇಕು. "ಲ" ಎನ್ನುವಾಗ ನಾಲಗೆಯ ತುದಿಯು ಮೇಲಿನ ಹಲ್ಲುಗಳ ಹಿಂದೆ ತಗುಲಿ ಉಸಿರು ಅದರ ಪಕ್ಕಗಳಿಂದ ಹರಿಯಬೇಕು. ಇವುಗಳ ನಡುನಡುವೆ ಗಂಟಲಿನ ತಂತುಗಳು ಅದುರಿ "ಅ" ಎಂಬ ಸ್ವರವನ್ನು ಮೂರು ಬಾರಿ ಕೊಡಬೇಕು. ಇಷ್ಟೂ ಒಂದು ಕ್ಷಣದೊಳಗೆ, ಒಂದರ ಹಿಂದೊಂದು, ಕ್ರಮ ತಪ್ಪದೆ ನಡೆಯಬೇಕು. ವೀಣೆಯ ಮೇಲೆ ಬೆರಳಾಡಿಸುವುದನ್ನು ವರ್ಷಗಟ್ಟಲೆ ಕಲಿಯುವ ನಾವು, ಅದಕ್ಕಿಂತ ಸೂಕ್ಷ್ಮವಾದ ಈ ಬಾಯಿಯ ಸಾಧನೆಯನ್ನು ಸಾಧನೆಯೆಂದೇ ತಿಳಿಯುವುದಿಲ್ಲ.

ಈಗ ಆ ಕುಟುಂಬದ ವಿಷಯ. ಮಾತಿನ ತೊಂದರೆಯುಳ್ಳ ಮಕ್ಕಳಿಗಾಗಿ ಲಂಡನ್ನಿನ ಪಶ್ಚಿಮ ಭಾಗದಲ್ಲಿ ಏರ್ಪಟ್ಟಿದ್ದ ಒಂದು ಶಾಲಾ ವಿಭಾಗಕ್ಕೆ 1980ರ ದಶಕದಲ್ಲಿ ಒಂದೇ ಮನೆತನದ ಹಲವು ಮಕ್ಕಳು ಬರುತ್ತಿದ್ದರು. ಇದು ಕೇವಲ ಆಕಸ್ಮಿಕವಾಗಿರಲಾರದೆಂದು ತೋರಿ, ಆ ಕುಟುಂಬದವರು ವೈದ್ಯರ ಪರೀಕ್ಷೆಗೆ ಒಳಪಟ್ಟರು. ವಂಶಶಾಸ್ತ್ರದ ವೈದ್ಯೆ ಜೇನ್ ಹರ್ಸ್ಟ್ ಮತ್ತು ಅವರ ಸಂಗಡಿಗರು 1990ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕುಟುಂಬದ ಗೌರವವನ್ನು ಕಾಪಾಡುವುದಕ್ಕಾಗಿ ಅವರ ಹೆಸರನ್ನು ಹೊರಗೆಡಹದೆ ಎರಡು ಅಕ್ಷರಗಳಿಂದ ಮಾತ್ರ ಗುರುತಿಸುವುದು ರೂಢಿಯಾಯಿತು. ವಿಜ್ಞಾನದ ಗ್ರಂಥಗಳಲ್ಲಿ ಅದು ಕೆ.ಇ. ಕುಟುಂಬವೆಂದೇ ಪ್ರಸಿದ್ಧವಾಗಿದೆ.

ಆ ಮನೆತನದಲ್ಲಿ ಅಜ್ಜಿ, ಮಕ್ಕಳು, ಮೊಮ್ಮಕ್ಕಳೆಂದು ಮೂರು ತಲೆಮಾರುಗಳಿದ್ದವು. ಒಟ್ಟು ಸುಮಾರು ಮೂವತ್ತು ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದೇ ಬಗೆಯ ತೊಂದರೆ. ಅವರ ಕಿವಿ ಚೆನ್ನಾಗಿ ಕೇಳುತ್ತಿತ್ತು. ತುಟಿ, ನಾಲಗೆಗಳಲ್ಲಿ ಪಾರ್ಶ್ವವಾಯುವಿನಂಥ ಬಲಹೀನತೆ ಇರಲಿಲ್ಲ. ಆದರೆ ಬಾಯಿಯ ಚಲನೆಗಳನ್ನು ಬೇಕಾದ ಕ್ರಮದಲ್ಲಿ ಪೋಣಿಸುವುದು ಅವರಿಗೆ ಅತ್ಯಂತ ಕಷ್ಟವಾಗಿತ್ತು. ಒಮ್ಮೆ ಸರಿಯಾಗಿ ಬಂದ ಧ್ವನಿ ಮತ್ತೊಮ್ಮೆ ಬೇರೆಯಾಗುತ್ತಿತ್ತು; ಪದವು ಉದ್ದವಾದಷ್ಟೂ ತೊಡಕು ಹೆಚ್ಚುತ್ತಿತ್ತು. ಹೊಸಬರಿಗೆ ಅವರ ಮಾತು ತಿಳಿಯುತ್ತಿರಲಿಲ್ಲ. ಅದೇ ಮನೆಯಲ್ಲಿ, ಅದೇ ಮಾತುಗಳನ್ನು ಕೇಳುತ್ತ ಬೆಳೆದ ಒಡಹುಟ್ಟಿದವರಲ್ಲಿ ಉಳಿದವರು ಯಾವ ತೊಂದರೆಯೂ ಇಲ್ಲದೆ ಮಾತನಾಡುತ್ತಿದ್ದರು. ತಾಯಿಯು ಮಾತನಾಡಿಸದ ಕಾರಣ ಮಗುವಿಗೆ ಮಾತು ಬರಲಿಲ್ಲವೆಂಬ ವಾದವು ಇಲ್ಲಿ ನಿಲ್ಲುವುದಿಲ್ಲವಷ್ಟೆ.

ಈ ತೊಂದರೆಯು ಹಂಚಿಕೊಂಡಿದ್ದ ರೀತಿಯೂ ಗಮನಿಸತಕ್ಕದ್ದು. ಗಂಡು ಹೆಣ್ಣೆಂಬ ಭೇದವಿಲ್ಲದೆ ಅದು ಕಾಣಿಸಿಕೊಂಡಿತ್ತು. ತೊಂದರೆಯುಳ್ಳವರ ಮಕ್ಕಳಲ್ಲಿ ಸುಮಾರು ಅರ್ಧ ಮಂದಿಗೆ ಅದು ಇಳಿದಿತ್ತು. ತೊಂದರೆಯಿಲ್ಲದವರ ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಸಂನ್ಯಾಸಿಯಾಗಿದ್ದ ಗ್ರೆಗರ್ ಮೆಂಡಲನು ತನ್ನ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ 1866ರಲ್ಲಿ ಪ್ರಕಟಿಸಿದ ನಿಯಮಗಳನ್ನು ತಾವು ಕೇಳಿರಬಹುದು. ಪ್ರತಿಯೊಂದು ವಂಶವಾಹಿಯೂ, ಎಂದರೆ ಜೀನೂ, ನಮ್ಮಲ್ಲಿ ಎರಡೆರಡು ಪ್ರತಿಗಳಾಗಿರುತ್ತದೆ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ನಾವು ನಮ್ಮ ಮಕ್ಕಳಿಗೆ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಒಂದು ಪ್ರತಿ ಕೆಟ್ಟಿದ್ದು, ಆ ಒಂದೇ ತೊಂದರೆಯನ್ನುಂಟುಮಾಡಲು ಸಾಕಾಗುವುದಾದರೆ, ಪ್ರತಿ ಮಗುವಿಗೂ ಅದು ತಗಲುವ ಸಂಭವವು ನಾಣ್ಯವನ್ನು ಚಿಮ್ಮಿದಂತೆ ಅರ್ಧಕ್ಕರ್ಧ. ಲಂಡನ್ನಿನ ಈ ಕುಟುಂಬದಲ್ಲಿ ಕಂಡದ್ದು ಇದೇ ಕ್ರಮ. ಇಷ್ಟು ತೊಡಕಾದ ಮಾತಿನ ತೊಂದರೆಯ ಬುಡದಲ್ಲಿ ಒಂದೇ ಒಂದು ವಂಶವಾಹಿಯ ದೋಷವಿರಬೇಕೆಂದು ಪಂಡಿತರಿಗೆ ಹೊಳೆಯಿತು.

ಇಲ್ಲಿ ಒಂದು ವಿವಾದವೆದ್ದಿತು. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಭಾಷಾಶಾಸ್ತ್ರಜ್ಞೆ ಮಿರ್ನಾ ಗಾಪ್ನಿಕ್ ಅವರು ಅದೇ ಕುಟುಂಬದವರನ್ನು ಪರೀಕ್ಷಿಸಿ, ಇವರ ಕೊರತೆಯು ವ್ಯಾಕರಣದಲ್ಲಿದೆಯೆಂದು 1990ರಲ್ಲಿ ಬರೆದರು. ಲೋಕದಲ್ಲಿಲ್ಲದ ಒಂದು ಪ್ರಾಣಿಯ ಚಿತ್ರವನ್ನು ತೋರಿಸಿ, ಅದಕ್ಕೊಂದು ಹೊಸ ಹೆಸರನ್ನಿಟ್ಟು, ಇಂಥವು ಹಲವಿದ್ದರೆ ಏನೆನ್ನುವಿರೆಂದು ಕೇಳಿದರೆ, ಇಂಗ್ಲಿಷಿನ ಚಿಕ್ಕ ಮಕ್ಕಳೂ ಬಹುವಚನದ ಪ್ರತ್ಯಯವನ್ನು ಸೇರಿಸಿ ಹೇಳಿಬಿಡುತ್ತಾರೆ. ಈ ಮನೆತನದ ದೊಡ್ಡವರು ಅದರಲ್ಲಿ ತಡವರಿಸಿದರು. ಭೂತಕಾಲದ ರೂಪಗಳಲ್ಲಿಯೂ ಹಾಗೆಯೇ. ವೃತ್ತಪತ್ರಿಕೆಗಳಿಗೆ ಇಷ್ಟೇ ಸಾಕಾಯಿತು; "ವ್ಯಾಕರಣದ ವಂಶವಾಹಿ ದೊರೆಯಿತು" ಎಂಬ ಸುದ್ದಿ ಹಬ್ಬಿತು.

ಲಂಡನ್ನಿನ ಶಿಶು ಆರೋಗ್ಯ ಸಂಸ್ಥೆಯ ಫರಾನೆ ವರ್ಗಾ-ಖಾದೆಮ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಅಷ್ಟಕ್ಕೇ ಬಿಡಲಿಲ್ಲ. 1995ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಗಳಿಂದ ತಿಳಿದುಬಂದದ್ದೇನೆಂದರೆ, ತೊಂದರೆಯು ಬಹುವಚನ ಭೂತಕಾಲಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ತುಟಿ, ನಾಲಗೆ, ದವಡೆಗಳ ಚಲನೆಗಳನ್ನು ಹೇಳಿದ ಕ್ರಮದಲ್ಲಿ ಮಾಡಿತೋರಿಸುವುದರಲ್ಲಿಯೂ ಅವರು ಹಿಂದೆ ಬಿದ್ದರು. ಅರ್ಥವಿಲ್ಲದ ಪದಗಳನ್ನು ಕೇಳಿ ಹಾಗೆಯೇ ಒಪ್ಪಿಸುವುದರಲ್ಲಿ, ಕನ್ನಡದಲ್ಲಾದರೆ "ಪಲತುಮಿ" ಎಂದಂತೆ, ತೊಂದರೆಯುಳ್ಳವರಿಗೂ ಇಲ್ಲದವರಿಗೂ ಸ್ಪಷ್ಟವಾದ ಭೇದ ಕಂಡಿತು. ವಾಕ್ಯಗಳನ್ನು ತಿಳಿದುಕೊಳ್ಳುವುದರಲ್ಲಿಯೂ, ಬರೆಯುವುದರಲ್ಲಿಯೂ ಸ್ವಲ್ಪ ಕೊರತೆಯಿತ್ತು. ಬುದ್ಧಿಯ ಪರೀಕ್ಷೆಯಲ್ಲಿ ಅವರ ಸರಾಸರಿಯು ಉಳಿದವರಿಗಿಂತ ಕಡಮೆಯಾಗಿದ್ದರೂ, ತೊಂದರೆಯುಳ್ಳವರಲ್ಲೇ ಕೆಲವರ ಬುದ್ಧಿಶಕ್ತಿಯು ಸಾಧಾರಣ ಜನರಷ್ಟೇ ಇತ್ತು. ಈ ಕಡೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ: ಮಾತು ತೊಡಕಾಗಿದ್ದ ಮಾತ್ರಕ್ಕೆ ಬುದ್ಧಿ ಮಂದವೆಂದು ತೀರ್ಮಾನಿಸಲು ಆಧಾರವಿಲ್ಲ.

ವಂಶವಾಹಿಯನ್ನು ಹುಡುಕಿದ ಕಥೆಯು ಪತ್ತೇದಾರಿ ಕಥೆಯಂತೆಯೇ ಇದೆ. ಆಕ್ಸ್‌ಫರ್ಡಿನ ಸೈಮನ್ ಫಿಶರ್, ಆಂಥೊನಿ ಮೊನಾಕೊ ಮುಂತಾದವರು ಕುಟುಂಬದವರ ರಕ್ತದ ಮಾದರಿಗಳನ್ನು ಹೋಲಿಸಿ, ದೋಷವಿರುವ ಜಾಗವು ಏಳನೆಯ ವರ್ಣತಂತುವಿನ ಒಂದು ಭಾಗದಲ್ಲಿದೆಯೆಂದು 1998ರಲ್ಲಿ ಗೊತ್ತುಮಾಡಿದರು. ಆದರೆ ಆ ಭಾಗದಲ್ಲಿ ಹತ್ತಾರು ವಂಶವಾಹಿಗಳಿದ್ದವು. ಅಷ್ಟರಲ್ಲಿ, ಈ ಕುಟುಂಬಕ್ಕೆ ಯಾವ ಸಂಬಂಧವೂ ಇಲ್ಲದ ಒಬ್ಬ ಹುಡುಗನು ವೈದ್ಯರ ಕಣ್ಣಿಗೆ ಬಿದ್ದನು. ಅವನ ಮಾತಿನ ತೊಂದರೆಯೂ ಅದೇ ಬಗೆಯದು. ಅವನ ಐದನೆಯ ಮತ್ತು ಏಳನೆಯ ವರ್ಣತಂತುಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿದ್ದವು. ಏಳನೆಯದು ಮುರಿದಿದ್ದ ಸ್ಥಳವು ಶೋಧಕರು ಹುಡುಕುತ್ತಿದ್ದ ಭಾಗದೊಳಗೇ ಇತ್ತು. ಆ ಮುರಿತವು ಒಂದು ವಂಶವಾಹಿಯ ನಡುವೆಯೇ ಹಾದುಹೋಗಿತ್ತು. ಅದೇ ವಂಶವಾಹಿಯನ್ನು ಲಂಡನ್ನಿನ ಕುಟುಂಬದವರಲ್ಲಿ ಓದಿನೋಡಿದಾಗ, ತೊಂದರೆಯಿದ್ದ ಪ್ರತಿಯೊಬ್ಬರಲ್ಲಿಯೂ ಒಂದು ಬದಲಾವಣೆ ಕಂಡಿತು; ತೊಂದರೆಯಿಲ್ಲದ ಒಬ್ಬರಲ್ಲಿಯೂ ಅದು ಕಾಣಲಿಲ್ಲ. ಸಿಸಿಲಿಯಾ ಲೈ ಮೊದಲಾದವರು 2001ರಲ್ಲಿ ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಆ ವಂಶವಾಹಿಯ ಹೆಸರು ಫಾಕ್ಸ್‌ಪಿ2.

ಬದಲಾವಣೆಯಾದರೂ ಎಷ್ಟು? ನಮ್ಮ ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥಕ್ಕೆ ಹೋಲಿಸಬಹುದು. ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿರುತ್ತವೆ. ಈ ಕುಟುಂಬದಲ್ಲಿ ಬದಲಾಗಿದ್ದದ್ದು ಅವುಗಳಲ್ಲಿ ಒಂದೇ ಅಕ್ಷರ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಒಂದಕ್ಷರವನ್ನು ತಪ್ಪಿ "ಕಾಡು" ಎಂಬಲ್ಲಿ "ಕೇಡು" ಎಂದು ಜೋಡಿಸಿದರೆ ವಾಕ್ಯದ ಅರ್ಥವೇ ಕೆಡುತ್ತದಷ್ಟೆ. ಇಲ್ಲಿ ಆದದ್ದೂ ಅದೇ. ಫಾಕ್ಸ್‌ಪಿ2 ವಂಶವಾಹಿಯ ಆದೇಶದಂತೆ ತಯಾರಾಗುವ ಪ್ರೋಟೀನು 715 ಅಮೈನೋ ಆಮ್ಲಗಳ ಸರಪಣಿ. ಅದರ 553ನೆಯ ಕೊಂಡಿಯಲ್ಲಿ ಅರ್ಜಿನೈನ್ ಇರಬೇಕಾದ ಕಡೆ ಹಿಸ್ಟಿಡೀನ್ ಬಂದು ಕುಳಿತಿತ್ತು. ಪ್ರೋಟೀನು ಡಿ.ಎನ್.ಎ.ಯನ್ನು ಹಿಡಿದುಕೊಳ್ಳುವ ಭಾಗವೇ ಅದಾದುದರಿಂದ ಅದರ ಹಿಡಿತ ತಪ್ಪಿತು. ಇನ್ನೊಂದು ಪ್ರತಿಯು ನೆಟ್ಟಗಿದ್ದರೂ ಅದೊಂದೇ ಸಾಲದೆ ಹೋಯಿತು.

ಹಾಗಾದರೆ ಇದೇ "ಮಾತಿನ ವಂಶವಾಹಿ"ಯೆ? ಅಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿಯು ತಾನೇ ಕಲ್ಲಿಡುವುದಿಲ್ಲ. ಯಾರು ಯಾವಾಗ ಯಾವ ಕೆಲಸಕ್ಕೆ ತೊಡಗಬೇಕು, ಯಾವಾಗ ನಿಲ್ಲಿಸಬೇಕು ಎಂದು ಗೊತ್ತುಮಾಡುತ್ತಾನೆ. ಫಾಕ್ಸ್‌ಪಿ2 ಇಂಥ ಮೇಸ್ತ್ರಿ. ಮಿದುಳು ಬೆಳೆಯುವಾಗ ಬೇರೆ ಅನೇಕ ವಂಶವಾಹಿಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವುದೂ ತಡೆಯುವುದೂ ಅದರ ಕೆಲಸ. ಕಲಿತ ಚಲನೆಗಳನ್ನು ಸರಾಗಗೊಳಿಸುವ ಮಿದುಳಿನ ಒಳಗಂಟುಗಳಲ್ಲಿಯೂ, ಹಿಂಭಾಗದ ಕಿರುಮಿದುಳಿನಲ್ಲಿಯೂ ಅದರ ಕೈವಾಡ ಹೆಚ್ಚು. ಕೆ.ಇ. ಕುಟುಂಬದವರ ಮಿದುಳಿನ ಚಿತ್ರಗಳನ್ನು ತೆಗೆದಾಗ, ತೊಂದರೆಯುಳ್ಳವರಲ್ಲಿ ಆ ಒಳಗಂಟುಗಳಲ್ಲೊಂದು ಗಾತ್ರದಲ್ಲಿ ಕಿರಿದಾಗಿದ್ದುದು ಕಂಡಿತು. ಆದರೆ ಇದೇ ವಂಶವಾಹಿಯು ಶ್ವಾಸಕೋಶದಲ್ಲಿಯೂ ಕರುಳಿನಲ್ಲಿಯೂ ಕೆಲಸಮಾಡುತ್ತದೆ. ಮಾತನಾಡದ ಇಲಿಯಲ್ಲಿಯೂ, ಹಾಡುವ ಹಕ್ಕಿಯಲ್ಲಿಯೂ ಅದು ಉಂಟು. ಝೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಗಂಡುಮರಿಯು ತನ್ನ ಹಿರಿಯನಿಂದ ಹಾಡನ್ನು ಕೇಳಿ ಕಲಿಯುತ್ತದೆ. ಅದರ ಮಿದುಳಿನ ಒಂದು ಭಾಗದಲ್ಲಿ ಈ ವಂಶವಾಹಿಯ ಬಲವನ್ನು ತಗ್ಗಿಸಿದರೆ ಮರಿಯು ಹಾಡನ್ನು ಅರೆಬರೆಯಾಗಿ, ತಪ್ಪುತಪ್ಪಾಗಿ ಕಲಿಯುತ್ತದೆಂದು ಜರ್ಮನಿಯ ಶೋಧಕರು 2007ರಲ್ಲಿ ತೋರಿಸಿದರು.

ಚಿಂಪಾಂಜಿಯ ಫಾಕ್ಸ್‌ಪಿ2 ಪ್ರೋಟೀನಿಗೂ ಮನುಷ್ಯನದಕ್ಕೂ ಎರಡೇ ಕೊಂಡಿಗಳ ವ್ಯತ್ಯಾಸವಿದೆಯೆಂದು 2002ರಲ್ಲಿ ತಿಳಿದಾಗ, ಮನುಷ್ಯನಿಗೆ ಮಾತು ಬಂದದ್ದು ಇದರಿಂದಲೇ ಎಂದು ಹಲವರು ಉತ್ಸಾಹಪಟ್ಟರು. ಆದರೆ ಅಳಿದುಹೋದ ನಿಯಾಂಡರ್ತಾಲ್ ಮಾನವರಲ್ಲಿಯೂ ಅದೇ ರೂಪವಿತ್ತೆಂದು 2007ರಲ್ಲಿ ಗೊತ್ತಾಯಿತು. ನಮ್ಮ ಜಾತಿಯಲ್ಲಿ ಈ ವಂಶವಾಹಿಯು ಇತ್ತೀಚೆಗೆ ವಿಶೇಷವಾಗಿ ಆಯ್ಕೆಗೊಂಡಿತೆಂಬ ವಾದಕ್ಕೆ ಪುಷ್ಟಿಯಿಲ್ಲವೆಂದು 2018ರ ಶೋಧನೆಯು ತೋರಿಸಿತು. ಮಾತೆಂಬ ಮಹಾಕಾರ್ಯಕ್ಕೆ ಅನೇಕ ವಂಶವಾಹಿಗಳು ಕೈಗೂಡಿಸುತ್ತವೆ. ಅವುಗಳಲ್ಲಿ ಒಂದು ಕೈಬಿಟ್ಟರೆ ಕೆಲಸ ಕುಂಟುತ್ತದೆ. ಅದೊಂದರಿಂದಲೇ ಕೆಲಸ ಆಗುತ್ತಿತ್ತೆಂದು ಇದರಿಂದ ಅರ್ಥವಾಗುವುದಿಲ್ಲ.

ಫಾಕ್ಸ್‌ಪಿ2 ದೋಷವು ಬಹು ಅಪರೂಪವಾದುದು. ನಮ್ಮ ನೆರೆಹೊರೆಯಲ್ಲಿ ಮಾತು ತಡವಾಗಿರುವ ಮಗುವಿಗೆ ಅದೇ ಕಾರಣವಿರುವ ಸಂಭವ ತೀರ ಕಡಮೆ. ಕಾರಣಗಳು ಬೇರೆ ಬೇರೆಯಾಗಿರಬಹುದು. ಅವುಗಳಲ್ಲಿ ಮೊದಲು ವಿಚಾರಿಸತಕ್ಕದ್ದು ಕಿವುಡುತನ. ಹುಟ್ಟು ಕಿವುಡಿಗೆ ಕಾರಣವಾಗುವ ವಂಶವಾಹಿಗಳಲ್ಲಿ ಮುಖ್ಯವಾದ ಒಂದರ ಹೆಸರು ಜಿ.ಜೆ.ಬಿ.2, ಅದರ ಪಾತ್ರವು 1997ರಲ್ಲಿ ಹೊರಬಿತ್ತು. ಇಲ್ಲಿ ಒಂದು ಪ್ರತಿ ಕೆಟ್ಟಿದ್ದರೆ ತೊಂದರೆಯಿಲ್ಲ. ಎರಡೂ ಕೆಟ್ಟಿದ್ದರೆ ಮಾತ್ರ ಮಗು ಕಿವುಡಾಗುತ್ತದೆ. ಚೆನ್ನಾಗಿ ಕೇಳುವ, ಚೆನ್ನಾಗಿ ಮಾತನಾಡುವ ತಂದೆತಾಯಿಗಳು ತಿಳಿಯದೆಯೇ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಅವರ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಆ ಸಂಭವ ಇರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಕಡೆ ಹಳೆಯದು. ಒಂದೇ ಅಜ್ಜನಿಂದ ಬಂದ ಒಂದೇ ದೋಷವು ಇಬ್ಬರಲ್ಲಿಯೂ ಇರುವ ಸಂಭವವು ಇಂಥ ಸಂಬಂಧಗಳಲ್ಲಿ ಹೆಚ್ಚು. ಹೀಗೆ ಮದುವೆಯಾದವರಲ್ಲಿ ಬಹುಮಂದಿಯ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆಂಬುದೂ ನಿಜ. ಆದರೂ ಮನೆತನದಲ್ಲಿ ಕಿವುಡುತನ ಕಂಡಿದ್ದರೆ, ಮದುವೆಗೆ ಮುಂಚೆ ವಂಶಶಾಸ್ತ್ರ ಬಲ್ಲ ವೈದ್ಯರೊಡನೆ ಆಲೋಚಿಸುವುದು ವಿವೇಕ.

ಇನ್ನು ಕೆಲವು ಸ್ಥಿತಿಗಳಲ್ಲಿ ವರ್ಣತಂತುವಿನಲ್ಲಿಯೇ ಹೆಚ್ಚುಕಡಮೆಯಾಗಿರುತ್ತದೆ. ಡೌನ್ ಲಕ್ಷಣದಲ್ಲಿ 21ನೆಯ ವರ್ಣತಂತುವು ಎರಡಿರುವ ಬದಲು ಮೂರಿರುತ್ತದೆಂದು 1959ರಲ್ಲಿ ತಿಳಿದುಬಂದಿತು. ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಆಡಬಲ್ಲದಕ್ಕಿಂತ ಹೆಚ್ಚು ಅರ್ಥವಾಗುತ್ತಿರುತ್ತದೆ. ಕಿವಿಯ ತೊಂದರೆಯೂ ಅವರಲ್ಲಿ ಹೆಚ್ಚು. 22ನೆಯ ವರ್ಣತಂತುವಿನ ಒಂದು ತುಣುಕು ಇಲ್ಲದಿದ್ದರೆ ಅಂಗುಳು ಸರಿಯಾಗಿ ಮುಚ್ಚದೆ ಮಾತು ಮೂಗಿನಿಂದ ಬರಬಹುದು. ಏಳನೆಯದರಲ್ಲಿ ಬೇರೊಂದು ತುಣುಕು ತಪ್ಪಿದ್ದರೆ ವಿಲಿಯಮ್ಸ್ ಲಕ್ಷಣವೆಂಬ ಸ್ಥಿತಿ ಉಂಟಾಗುತ್ತದೆ. ಇಂಥವರಿಗೆ ಲೆಕ್ಕ ಹಾಕುವುದು, ಚಿತ್ರ ಬರೆಯುವುದು ಬಹು ಕಷ್ಟ. ಮಾತು ಮೊದಲಲ್ಲಿ ತಡವಾದರೂ ಮುಂದೆ ಹಲವರಲ್ಲಿ ನಿರರ್ಗಳವಾಗಿ ಹರಿಯುತ್ತದೆ. ಲಂಡನ್ನಿನ ಕುಟುಂಬದ ಪಕ್ಕದಲ್ಲಿ ಇವರನ್ನಿಟ್ಟು ನೋಡಿದರೆ, ಮಾತಿನ ಸರಾಗತೆಯೂ ಬುದ್ಧಿಯ ಇತರ ಶಕ್ತಿಗಳೂ ಒಂದೇ ಅಳತೆಯಲ್ಲಿ ಏರಿಳಿಯುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಸ್ಥಿತಿ ಇನ್ನೊಂದುಂಟು. ಕಿವಿ ಸರಿಯಾಗಿದೆ, ಬೇರೆ ಕಾಯಿಲೆಯಿಲ್ಲ, ಆದರೂ ಭಾಷೆ ಮಾತ್ರ ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ನಡೆದ ಗಣನೆಗಳ ಪ್ರಕಾರ ಶಾಲೆಗೆ ಸೇರುವ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಇದು ಇರುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರುವುದು, ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿರುವುದಕ್ಕಿಂತ ಹೆಚ್ಚು. ವಂಶದ ಪಾಲು ಇದರಲ್ಲಿ ಬಲವಾಗಿದೆಯೆಂಬುದು ಇದರಿಂದ ಸಿದ್ಧ. ಆದರೆ ಇಲ್ಲಿ ಒಂದು ವಂಶವಾಹಿಯನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಎಷ್ಟೋ ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವಗಳು ಕೂಡಿಕೊಂಡಿರುತ್ತವೆ. ನಗರಗಳ ವಿದ್ಯಾವಂತರಲ್ಲಿ ಒಂದು ಸಂಶಯ ಬಹಳ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದುವೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು, ಇದರಿಂದಲೇ ಮಗುವಿಗೆ ಮಾತು ಕೆಟ್ಟಿತೆ ಎಂದು. ಎರಡು ಮೂರು ಭಾಷೆಗಳನ್ನು ಕೇಳುವುದರಿಂದ ಈ ತೊಂದರೆ ಉಂಟಾಗುವುದಿಲ್ಲ. ಅದಕ್ಕಾಗಿ ತಾಯಿಯು ತನ್ನ ಭಾಷೆಯನ್ನು ಬಿಟ್ಟು ಬಾರದ ಭಾಷೆಯಲ್ಲಿ ಮಗುವನ್ನು ಮಾತನಾಡಿಸುವುದು ಇದ್ದ ಸಹಾಯವನ್ನೂ ಕಳೆದಂತೆ.

ವಂಶದಿಂದ ಬಂದದ್ದಕ್ಕೆ ಪರಿಹಾರವಿಲ್ಲವೆಂಬುದು ಬಹು ಅನರ್ಥಕಾರಿಯಾದ ನಂಬಿಕೆ. ಕಣ್ಣಿನ ಮಂದದೃಷ್ಟಿಯೂ ಎಷ್ಟೋ ವೇಳೆ ವಂಶದಿಂದಲೇ ಬರುತ್ತದೆ. ಅದಕ್ಕಾಗಿ ಯಾರೂ ಕನ್ನಡಕವನ್ನು ಬೇಡವೆನ್ನುವುದಿಲ್ಲ. ಅಕ್ಷರ ತಪ್ಪಿದ ವಂಶವಾಹಿಯನ್ನು ಈ ಮಕ್ಕಳಲ್ಲಿ ತಿದ್ದುವ ಉಪಾಯ ವೈದ್ಯರ ಕೈಗೆ ಬಂದಿಲ್ಲ. ಆದರೆ ಚಿಕ್ಕ ಮಿದುಳು ಅಭ್ಯಾಸದಿಂದ ಬದಲಾಗಬಲ್ಲದು. ಬಾಯಿಯ ಚಲನೆಗಳನ್ನು ಬಿಡಿಬಿಡಿಯಾಗಿ, ನಿಧಾನವಾಗಿ, ಮತ್ತೆ ಮತ್ತೆ ಮಾಡಿಸಿ ಪೋಣಿಸುವ ಚಿಕಿತ್ಸೆಯುಂಟು. ಮಾತು ಬರುವವರೆಗೆ ಸನ್ನೆಗಳಿಂದಲೋ ಚಿತ್ರಗಳಿಂದಲೋ ಮನಸ್ಸನ್ನು ತಿಳಿಸಲು ಕಲಿಸಬಹುದು. ಸನ್ನೆ ಕಲಿತ ಮಗುವು ಮಾತನ್ನು ಕಲಿಯದೆಂಬ ಭಯಕ್ಕೆ ಆಧಾರವಿಲ್ಲ. ಕಿವುಡು ಮಕ್ಕಳಿಗೆ ಬೇಗನೆ ಶ್ರವಣಯಂತ್ರವನ್ನು ಒದಗಿಸಿ ಶಿಕ್ಷಣ ಕೊಟ್ಟರೆ ಫಲ ಹೆಚ್ಚು.

ಆದುದರಿಂದ ಕಾಯುವುದಕ್ಕೆ ಒಂದು ಮಿತಿಯಿರಬೇಕು. ವರ್ಷ ತುಂಬಿದರೂ ಮಗು ತೊದಲದಿದ್ದರೆ, ಬೆರಳು ತೋರಿ ಕೇಳದಿದ್ದರೆ. ಒಂದೂವರೆ ವರ್ಷಕ್ಕೆ ಒಂದು ಮಾತೂ ಬಾರದಿದ್ದರೆ. ಎರಡು ವರ್ಷಕ್ಕೆ ಎರಡು ಪದಗಳನ್ನು ಸೇರಿಸದಿದ್ದರೆ. ಯಾವ ವಯಸ್ಸಿನಲ್ಲಾಗಲಿ ಬಂದ ಮಾತು ಹಿಂದೆ ಸರಿದರೆ, ತಡಮಾಡದೆ ತೋರಿಸಬೇಕು. ಮೊದಲ ಪರೀಕ್ಷೆ ಕಿವಿಯದು. ತಟ್ಟೆ ಬಡಿದಾಗ ಮಗು ತಿರುಗಿತೆಂದು ತೃಪ್ತರಾಗತಕ್ಕದ್ದಲ್ಲ. ದೊಡ್ಡ ಸದ್ದು ಕೇಳಿಸಿ, ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರುವುದುಂಟು. ಈ ವಿಷಯದಲ್ಲಿ ನಮ್ಮ ನಾಡು ಭಾಗ್ಯಶಾಲಿ. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಆವರಣದಲ್ಲಿ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ನಡೆಸುತ್ತಿದೆ; ಈ ವಿದ್ಯೆಯಲ್ಲಿ ತರಬೇತಾದವರನ್ನು ದೇಶಕ್ಕೆಲ್ಲ ಒದಗಿಸುತ್ತಲಿದೆ. ಬಜೆ ತೇಯುವ ಅಜ್ಜಿಯ ಮಮತೆಯನ್ನು ಹಳಿಯಬೇಕಾಗಿಲ್ಲ. ಅದನ್ನೇ ನಂಬಿ ಎರಡು ವರ್ಷ, ಮೂರು ವರ್ಷ ಕಳೆಯುವುದು ಮಾತ್ರ ಮಗುವಿಗೆ ನಷ್ಟ.

ತಾಯಿಯ ಮೇಲೆ ಹೊರಿಸುವ ಆಪಾದನೆಯ ವಿಷಯದಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ವಂಶವಾಹಿಗಳಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು. ಯಾವುದನ್ನು ಕೊಡಬೇಕೆಂದು ಆರಿಸುವ ಅಧಿಕಾರ ಇಬ್ಬರಿಗೂ ಇಲ್ಲ. ಎಷ್ಟೋ ದೋಷಗಳು ತಂದೆಯಲ್ಲಿಯೂ ಇರದೆ, ತಾಯಿಯಲ್ಲಿಯೂ ಇರದೆ ಮಗುವಿನಲ್ಲಿಯೇ ಹೊಸದಾಗಿ ತಲೆದೋರುತ್ತವೆ. 300 ಕೋಟಿ ಅಕ್ಷರಗಳನ್ನು ನಕಲುಮಾಡುವ ಕಾರ್ಯದಲ್ಲಿ ಎಲ್ಲೋ ಒಂದು ಅಕ್ಷರ ತಪ್ಪಿದ್ದಕ್ಕೆ, ಆಕೆ ತಿಂದದ್ದಾಗಲಿ ಗ್ರಹಣದ ದಿನ ಹೊರಗೆ ಬಂದದ್ದಾಗಲಿ ಕಾರಣವಲ್ಲ.

ಉಪಾಧ್ಯಾಯರಲ್ಲಿಯೂ ಹಿರಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ಮಾತು ತೊಡಕಾಗಿರುವ ಮಗುವು ತರಗತಿಯಲ್ಲಿ ಎದ್ದು ನಿಂತಾಗ ಅದರ ವಾಕ್ಯವನ್ನು ನೀವೇ ಮುಗಿಸಿಬಿಡಬೇಡಿ, ನಗುವವರನ್ನು ತಡೆಯಿರಿ, ಬಾಯಲ್ಲಿ ಹೇಳಲಾರದ್ದನ್ನು ಬರೆದೋ ತೋರಿಸಿಯೋ ತಿಳಿಸಲು ಅವಕಾಶ ಕೊಡಿ. ಉತ್ತರವು ಅದಕ್ಕೆ ಗೊತ್ತಿರಬಹುದು. ಅದು ಹೊರಗೆ ಬರುವುದಕ್ಕೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ಕೊಡುವುದು ನಮ್ಮ ಕೈಯಲ್ಲಿದೆ.